ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್: ಪುಣೆಯ ಒಂದು ಗ್ಯಾರೇಜಿನಿಂದ ಬೆಳಗಾವಿಯ ಸೈಕಲ್ ಅಂಗಡಿವರೆಗೆ

ಕಳೆದ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಸಮಯ ಇಲ್ಲ, ಓದ್ತೀವಿ ಅನ್ನೋರಿಗಾಗಿ. ಮಾತಾಡಿದ್ದನ್ನ ಸ್ವಲ್ಪ ತಿದ್ದಿದ್ದೀನಿ, ಒಂದೆರಡು ಕಡೆ ಸೇರಿಸಿದ್ದೀನಿ.

ಶುರು ನನ್ನದೇ ಒಂದು ದಡ್ಡತನದಿಂದ. ಪುಣೆಯಲ್ಲಿ ನನ್ನ ಹತ್ತಿರ ಒಂದು ಹಳೇ ಕಾರಿದೆ. ಇಪ್ಪತ್ತು ವರ್ಷ ದಾಟಿದೆ. ಅದರ ಕಾಲದಲ್ಲಿ ಅದನ್ನ ಸ್ಪೋರ್ಟಿ ಕಾರು ಅಂತ ಕರೀತಿದ್ರು, ಈಗಲೂ ಕಾತ್ರಜ್ ಘಾಟಿ ಹತ್ತುವಾಗ ಅದು ತನ್ನ ಹರೆಯ ನೆನಪಿಸಿಕೊಳ್ಳುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನವರು ಸರ್ವಿಸ್ ಪುಸ್ತಕ ಕೊಟ್ಟಿರಲಿಲ್ಲ. ಮೆಕ್ಯಾನಿಕ್ ಹೇಳಿದರು: "ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲ ಅಂದ್ರೆ, ಹಾಕೇ ಇಲ್ಲ ಅಂತ ತಿಳ್ಕೊಳ್ಳಿ. ಬದಲಾಯಿಸಿ. ವಾಟರ್ ಪಂಪೂ ಜೊತೆಗೇ ಹಾಕಿಬಿಡೋಣ."

ಬೆಲ್ಟಿಗೆ ಒಪ್ಪಿದೆ. ಪಂಪಿಗೆ ಒಪ್ಪಲಿಲ್ಲ. ಸೋರ್ತಿಲ್ಲ, ಸದ್ದಿಲ್ಲ, ಚೆನ್ನಾಗಿರೋದನ್ನ ಯಾಕೆ ಬಿಸಾಕಬೇಕು? ನಮ್ಮ ಮನೆಗಳಲ್ಲಿ ಹಾಗೇ ತಾನೇ ಬೆಳೆದಿರೋದು. ಎಂಟು ತಿಂಗಳು ಕಳೀತು. ಒಂದು ಬೆಳಿಗ್ಗೆ ಕಾರಿನ ಕೆಳಗೆ ಹಸಿರು ಬಣ್ಣದ ಸಣ್ಣ ಮಡು. ಪಂಪಿನ ಸೀಲ್ ಹೋಗಿತ್ತು. ಕೂಲೆಂಟ್ ಹೊಸ ಬೆಲ್ಟಿನ ಮೇಲೇ ಸುರಿದಿತ್ತು. ಮತ್ತೆ ಅದೇ ಚಕ್ರ ಬಿಚ್ಚು, ಅದೇ ಎಂಜಿನ್ ಮೌಂಟ್ ಬಿಚ್ಚು, ಅದೇ ಕವರ್ ಬಿಚ್ಚು. ಬೆಲ್ಟ್ ಎರಡನೇ ಸಲ. ಕೂಲಿ ಎರಡನೇ ಸಲ. ಪಂಪಿನ ದುಡ್ಡು ಉಳಿಸೋಕೆ ಹೋಗಿ ಪೂರ್ತಿ ಕೆಲಸದ ದುಡ್ಡು ಇನ್ನೊಮ್ಮೆ ಕೊಟ್ಟೆ.

ಆ ದಿನ ಗ್ಯಾರೇಜಿನಲ್ಲಿ ಕೂತಾಗ ಒಂದು ಪ್ರಶ್ನೆ ಹುಟ್ಟಿತು. ಇಷ್ಟು ಬಲವಾದ ಕಬ್ಬಿಣದ ಯಂತ್ರದ ಪ್ರಾಣವನ್ನ ಒಂದು ರಬ್ಬರ್ ಪಟ್ಟಿಯ ಕೈಗೆ ಕೊಟ್ಟವರು ಯಾರು? ಯಾಕೆ ಕೊಟ್ಟರು? ಇವತ್ತಿನ ಮಾತು ಅದರ ಬಗ್ಗೆ.

ಮೊದಲು, ಈ ಬೆಲ್ಟ್ ಮಾಡೋದೇನು?

ಗೊತ್ತಿರೋರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಎಂಜಿನ್ ಕೆಳಗಡೆ ಕ್ರ್ಯಾಂಕ್ ಶಾಫ್ಟ್ ಇದೆ, ಪಿಸ್ಟನ್‌ಗಳು ಅದನ್ನ ತಿರುಗಿಸ್ತವೆ. ಮೇಲ್ಗಡೆ ಕ್ಯಾಮ್ ಶಾಫ್ಟ್ ಇದೆ, ಅದು ವಾಲ್ವ್‌ಗಳನ್ನ ತೆರೆದು ಮುಚ್ಚುತ್ತೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಒಂದು ಹಲ್ಲು ಆಚೀಚೆ ಆಗೋ ಹಾಗಿಲ್ಲ. ಈ ಎರಡನ್ನೂ ಕಟ್ಟಿಹಾಕಿರೋದೇ ಟೈಮಿಂಗ್ ಬೆಲ್ಟ್.

ಒಂದು ಲೆಕ್ಕ ಮಾಡೋಣ. ಕಾರು 80,000 ಕಿಲೋಮೀಟರ್ ಓಡಿದೆ ಅಂತಿಟ್ಕೊಳ್ಳಿ. ಊರು, ಹೆದ್ದಾರಿ ಎಲ್ಲ ಸೇರಿ ಸರಾಸರಿ ಗಂಟೆಗೆ 40 ಕಿಲೋಮೀಟರ್ ಅಂದ್ರೆ 2,000 ಗಂಟೆ. ಎಂಜಿನ್ ನಿಮಿಷಕ್ಕೆ ಸರಾಸರಿ 2,000 ಸುತ್ತು ತಿರುಗಿದ್ರೂ ಒಟ್ಟು 24 ಕೋಟಿ ಸುತ್ತು ಆಯ್ತು. ಅಷ್ಟೂ ಸುತ್ತು ಒಂದು ರಬ್ಬರ್ ಪಟ್ಟಿ, ಒಂದು ಹಲ್ಲೂ ಜಾರದೆ, ಕಾಯ್ದುಕೊಂಡು ಬಂದಿದೆ.

ಅದು ಹರಿದರೆ ಕ್ಯಾಮ್ ನಿಂತುಬಿಡುತ್ತೆ, ಪಿಸ್ಟನ್ ಮಾತ್ರ ವೇಗದಲ್ಲಿ ಮೇಲೆ ಬರ್ತಾನೇ ಇರುತ್ತೆ. ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಗುದ್ದುತ್ತೆ. ಹೀಗೆ ಗುದ್ದೋ ಅಳತೆಯಲ್ಲಿ ಕಟ್ಟಿದ ಎಂಜಿನ್‌ಗೆ ಇಂಟರ್‌ಫಿಯರೆನ್ಸ್ ಎಂಜಿನ್ ಅಂತಾರೆ. ಹೆಚ್ಚು ಶಕ್ತಿ ಕೊಡೋಕೆ ಅಂತ ಕಂಪ್ರೆಷನ್ ಏರಿಸಿ, ವಾಲ್ವ್‌ಗಳನ್ನ ದೊಡ್ಡದು ಮಾಡಿದ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಅಪಾಯ ಜಾಸ್ತಿ. 1982ರಲ್ಲಿ ಬಂದ ಪೋರ್ಷೆ 944 ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ.

ಹೊಲಿಗೆ ಯಂತ್ರದಿಂದ ರೇಸ್ ಟ್ರ್ಯಾಕಿಗೆ

ಹಲ್ಲಿರೋ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯಲ್ಲಿದ್ದ ರಿಚರ್ಡ್ ಕೇಸ್ ಇದನ್ನ ರೂಪಿಸಿದ್ದು ಸಿಂಗರ್ ಹೊಲಿಗೆ ಯಂತ್ರಕ್ಕಾಗಿ. ಮೇಲಿನ ಸೂಜಿ, ಕೆಳಗಿನ ಬಾಬಿನ್ ಎರಡೂ ಒಂದೇ ತಾಳದಲ್ಲಿ ನಡೀಬೇಕು. ಮಾಮೂಲಿ ಬೆಲ್ಟ್ ಜಾರುತ್ತೆ, ಚೈನ್ ಗಲಾಟೆ ಮಾಡುತ್ತೆ, ಎಣ್ಣೆ ಬೇಕು, ಎಣ್ಣೆ ಬಟ್ಟೆಗೆ ಬೀಳುತ್ತೆ. ಹಲ್ಲಿರೋ ರಬ್ಬರ್ ಬೆಲ್ಟಿಗೆ ಈ ಮೂರೂ ತೊಂದರೆ ಇಲ್ಲ.

ಅದನ್ನ ಕಾರಿನ ಎಂಜಿನ್ನಿಗೆ ಮೊದಲು ತಂದಿದ್ದು ದೊಡ್ಡ ಕಂಪನಿ ಅಲ್ಲ, ಕ್ಯಾಲಿಫೋರ್ನಿಯಾದ ಬಿಲ್ ಡೆವಿನ್ ಅನ್ನೋ ರೇಸ್ ಕಾರು ಕಟ್ಟುವ ಮನುಷ್ಯ. 1954ರಲ್ಲಿ ಪನಾರ್ ಎಂಬ ಸಣ್ಣ ಫ್ರೆಂಚ್ ಕಾರಿನ ಎರಡು ಸಿಲಿಂಡರ್ ಎಂಜಿನ್‌ಗೆ ಮೇಲ್ಗಡೆ ಕ್ಯಾಮ್ ಶಾಫ್ಟ್ ಕೂರಿಸಿ, ಗಿಲ್ಮರ್ ಬೆಲ್ಟಿನಿಂದ ತಿರುಗಿಸಿದ. ಆ ಕಾರು 1956ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಿತು. ಅಂದ್ರೆ ಟೈಮಿಂಗ್ ಬೆಲ್ಟಿನ ಮೊದಲ ಮನೆ ಸ್ಪೋರ್ಟ್ಸ್ ಕಾರೇ. ತಮಾಷೆ ಅಂದ್ರೆ ಆ ಪನಾರ್ ಎಂಜಿನ್ ಗಾಳಿಯಿಂದ ತಣ್ಣಗಾಗೋದು, ಅದಕ್ಕೆ ವಾಟರ್ ಪಂಪೇ ಇರಲಿಲ್ಲ!

ಸಾಮಾನ್ಯ ಜನರ ಕಾರಿಗೆ ಬಂದಿದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004ರಲ್ಲಿ. ಆಮೇಲೆ 1966ರಲ್ಲಿ ಅಮೆರಿಕದ ಪಾಂಟಿಯಾಕ್. ಅದೇ ವರ್ಷದ ಕೊನೆಗೆ ಇಟಲಿಯ ಫಿಯೆಟ್ 124 ಸ್ಪೋರ್ಟ್ ಸ್ಪೈಡರ್. ಫಿಯೆಟ್‌ನ ಆ ಎಂಜಿನ್ ಮಾಡಿದ್ದು ಅವ್ರೇಲಿಯೊ ಲಾಂಪ್ರೆಡಿ, ಮೊದಲು ಫೆರಾರಿಗೆ ರೇಸ್ ಎಂಜಿನ್ ಮಾಡ್ತಿದ್ದವರು. ಎರಡು ಕ್ಯಾಮ್ ಶಾಫ್ಟಿನ ಎಂಜಿನ್ ಅಂದ್ರೆ ಶ್ರೀಮಂತರ ವಸ್ತು ಅನ್ನೋ ಕಾಲ ಅದು. ಉದ್ದುದ್ದ ಚೈನ್ ಇಲ್ಲವೇ ಸಾಲು ಸಾಲು ಗೇರ್, ಅದಕ್ಕೆ ಎಣ್ಣೆ ಹರಿಸೋ ವ್ಯವಸ್ಥೆ, ಎಣ್ಣೆ ಸೋರದ ಹಾಗೆ ಲೋಹದ ಕವರ್. ಬೆಲ್ಟ್ ಬಂದ ಮೇಲೆ ಇದ್ಯಾವುದೂ ಬೇಡ, ಒಂದು ಹಗುರ ಕವರ್ ಸಾಕು. ಮಧ್ಯಮ ವರ್ಗದವರಿಗೂ ಎರಡು ಕ್ಯಾಮಿನ ಎಂಜಿನ್ ಕೈಗೆಟುಕಿತು. 1973ರ ಹೊತ್ತಿಗೆ ಫೆರಾರಿಯೇ ತನ್ನ 12 ಸಿಲಿಂಡರಿನ ಬಾಕ್ಸರ್ ಕಾರಿಗೆ ಬೆಲ್ಟ್ ಹಾಕಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಬೆಲ್ಟಿನಿಂದ ಉಳಿದ ದುಡ್ಡು ಯಾರಿಗೆ ಉಳೀತು? ಕಾರ್ಖಾನೆಗೆ ಉಳೀತು, ಹೊಸ ಕಾರು ಕೊಳ್ಳೋರಿಗೂ ಸ್ವಲ್ಪ ಉಳೀತು. ಆದರೆ ಖರ್ಚು ಮಾಯ ಆಗಲಿಲ್ಲ, ಮುಂದಕ್ಕೆ ಹೋಯ್ತು ಅಷ್ಟೆ. ಚೈನ್ ಕಾಲದಲ್ಲಿ ಕಾರ್ಖಾನೆ ಮಾಡ್ತಿದ್ದ ಖರ್ಚನ್ನ ಈಗ ಮಾಲೀಕ ನಾಲ್ಕೈದು ವರ್ಷಕ್ಕೊಮ್ಮೆ ಮಾಡಬೇಕು. ಮೊದಲ ಮಾಲೀಕ ಅದನ್ನ ಮುಂದೂಡಿ ಕಾರು ಮಾರಿಬಿಡ್ತಾನೆ. ಎರಡನೆಯವನೂ ಮುಂದೂಡ್ತಾನೆ. ಬಿಲ್ ಬರೋದು ಮೂರನೆಯವನಿಗೆ, ಅಂದ್ರೆ ನನ್ನಂಥವನಿಗೆ. ಕೆಲವು ಹಳೇ ಫೆರಾರಿಗಳಲ್ಲಿ ಈ ಕೆಲಸಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಹಾಗಾಗಿ ಆ ಕಾರು ಮಾರೋಕೆ ಬಂದಾಗ "ಬೆಲ್ಟ್ ಯಾವಾಗ ಹಾಕಿದ್ದು" ಅನ್ನೋದೇ ಬೆಲೆ ಚರ್ಚೆಯ ಮೊದಲ ಪ್ರಶ್ನೆ.

ನಮ್ಮ ದೇಶಕ್ಕೆ ಬೆಲ್ಟ್ ಬಂದಾಗ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಎರಡಕ್ಕೂ ಚೈನ್. ಚೈನ್ ಸವೆದರೆ ಸದ್ದು ಮಾಡುತ್ತೆ. ಮೆಕ್ಯಾನಿಕ್ ಬಾನೆಟ್ಟಿಗೆ ಕಿವಿ ಕೊಟ್ಟು "ಚೈನ್ ಬಡೀತಿದೆ" ಅಂತ ಹೇಳಿಬಿಡೋರು. ನಮ್ಮ ಒಂದಿಡೀ ತಲೆಮಾರಿನ ಮೆಕ್ಯಾನಿಕ್‌ಗಳ ವಿದ್ಯೆ ಕಿವಿಯಲ್ಲಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರ ಮೂರು ಸಿಲಿಂಡರಿನ ಸುಜುಕಿ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇತ್ತು. ಬೆಲ್ಟಿನ ತೊಂದರೆ ಏನು ಗೊತ್ತಾ? ಅದು ಬಹುಪಾಲು ಸದ್ದೇ ಮಾಡಲ್ಲ. ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ರಸ್ತೆ ಮಧ್ಯ ನಿಂತಿದೆ. ಕಿವಿಯಿಂದ ಹಿಡಿಯೋ ರೋಗ ಅಲ್ಲ ಇದು, ಕಿಲೋಮೀಟರ್ ಲೆಕ್ಕ, ವರ್ಷದ ಲೆಕ್ಕ ಬರೆದಿಟ್ಟು ಹಿಡಿಯಬೇಕು. ಹಾಗಾಗಿ ಬೆಲ್ಟಿನ ಜೊತೆ ನಮಗೆ ಇನ್ನೊಂದು ವಸ್ತುವೂ ಬಂತು: ಸರ್ವಿಸ್ ಪುಸ್ತಕ. ಬೆಲ್ಟನ್ನ ಬೇಗ ಒಪ್ಪಿಕೊಂಡ್ವಿ, ಪುಸ್ತಕವನ್ನ ಇನ್ನೂ ಸರಿಯಾಗಿ ಒಪ್ಪಿಕೊಂಡಿಲ್ಲ.

ಪುಣೆ ಈ ಕಥೆಗೆ ಸೇರೋದು 1998ರ ಕೊನೆಯಲ್ಲಿ. ಆಗ ಟೆಲ್ಕೋ ಅಂತಿದ್ದ ಟಾಟಾ ಕಂಪನಿ ಪಿಂಪ್ರಿಯ ಕಾರ್ಖಾನೆಯಿಂದ ಇಂಡಿಕಾ ಹೊರತಂದಿತು. ಲಾರಿ ಮಾಡ್ತಿದ್ದ ಊರು ಕಾರು ಮಾಡಿತು. ಅದರ 1.4 ಲೀಟರ್ ಡೀಸೆಲ್ ಎಂಜಿನ್ನಿಗೂ ಟೈಮಿಂಗ್ ಬೆಲ್ಟೇ. ಇಂಡಿಕಾ ಟ್ಯಾಕ್ಸಿಯಾಗಿ ದೇಶ ತುಂಬಿತು. ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸೋ ಡ್ರೈವರ್‌ಗೆ ಬೆಲ್ಟಿನ ಗಡುವು ವರ್ಷದೊಳಗೇ ಬಂದುಬಿಡುತ್ತೆ. ಹುಬ್ಬಳ್ಳಿಯಲ್ಲಿ, ಕೊಲ್ಹಾಪುರದಲ್ಲಿ, ಸಾತಾರಾದಲ್ಲಿ ಹೆದ್ದಾರಿ ಬದಿಯ ಮೆಕ್ಯಾನಿಕ್‌ಗಳು ಈ ಕೆಲಸದಲ್ಲಿ ಪಳಗಿದ್ದು ಸ್ಪೋರ್ಟ್ಸ್ ಕಾರಿನಿಂದ ಅಲ್ಲ, ಟ್ಯಾಕ್ಸಿಗಳಿಂದ. ನನ್ನ ಕಾರಿನ ಕೆಲಸ ಮಾಡಿದವರೂ ಅದೇ ಶಾಲೆಯವರು.

ಪಂಪು, ಮತ್ತು ನಮ್ಮ ಬೆಳಗಾವಿಯವರು

ಈಗ ನಾನು ಬೇಡ ಅಂದಿದ್ದ ಆ ಪಂಪಿನ ಕಥೆ. ಶುರುವಿನ ಕಾರುಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಇರಲಿಲ್ಲ. ಬಿಸಿ ನೀರು ತಾನಾಗೇ ಮೇಲೇರುತ್ತೆ, ತಣ್ಣಗಾದದ್ದು ಕೆಳಗಿಳಿಯುತ್ತೆ, ಅಷ್ಟರಲ್ಲೇ ಎಂಜಿನ್ ತಣ್ಣಗಾಗಬೇಕು. ಫೋರ್ಡ್‌ನ ಮಾಡೆಲ್ ಟಿ ಬಹುಪಾಲು ಹೀಗೇ ಓಡಿತು. ಶಕ್ತಿ ಜಾಸ್ತಿ ಆದ ಹಾಗೆ ಇದು ಸಾಲದಾಯ್ತು, ನೀರನ್ನ ಬಲವಂತವಾಗಿ ತಳ್ಳೋ ಪಂಪ್ ಬಂತು. ಒಳಗೆ ಒಂದು ರೆಕ್ಕೆ ಚಕ್ರ, ಇಂಪೆಲ್ಲರ್. ಅದು ಜೋರಾಗಿ ತಿರುಗಿದಾಗ ನಡುವಿನ ನೀರು ಅಂಚಿಗೆ ಎಸೆಯಲ್ಪಡುತ್ತೆ, ನಡುವೆ ಖಾಲಿಯಾದ ಜಾಗಕ್ಕೆ ಹೊಸ ನೀರು ನುಗ್ಗುತ್ತೆ. ಇದೇ ಸೆಂಟ್ರಿಫ್ಯೂಗಲ್ ಪಂಪ್. ನಿಮ್ಮೂರಿನ ತೋಟದ ಬಾವಿ ಪಂಪಿನಲ್ಲಿರೋದೂ ಇದೇ ತತ್ವ.

ಈ ಪಂಪನ್ನ ಭಾರತದಲ್ಲಿ ಮೊದಲು ಮಾಡಿದವರು ಕಿರ್ಲೋಸ್ಕರ್ ಬ್ರದರ್ಸ್, 1926ರಲ್ಲಿ. ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯೋಕೆ ಮುಂಬೈಗೆ ಹೋದರು, ಬಣ್ಣ ಸರಿಯಾಗಿ ಗುರುತಿಸೋಕೆ ಆಗದ ದೃಷ್ಟಿದೋಷ ಇದ್ದಿದ್ದರಿಂದ ಯಂತ್ರದ ನಕ್ಷೆ ಬರೆಯೋ ಕಡೆ ತಿರುಗಿದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ. ಆಮೇಲೆ ಕಬ್ಬಿಣದ ನೇಗಿಲು. ನಗರಸಭೆಗೆ ಆ ಜಾಗ ಬೇಕಾಗಿ ಅವರು ಬೆಳಗಾವಿ ಬಿಡಬೇಕಾಯ್ತು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಒಣಭೂಮಿಯಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಬೆಳಗಾವಿ ಒಂದು ಕಾರ್ಖಾನೆ ಕಳೆದುಕೊಂಡಿತು, ಸಾಂಗ್ಲಿ ಕಡೆಯ ಬಯಲಿಗೆ ಒಂದು ಊರು ಸಿಕ್ಕಿತು.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದವರು. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅದೇ ವರ್ಷ ಪುಣೆಯ ಖಡ್ಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಪುಣೆ ಎಂಜಿನ್ನಿನ ಊರಾಗೋಕೆ ಹಾಕಿದ ಬುನಾದಿಗಳಲ್ಲಿ ಇದೂ ಒಂದು. ಟಾಟಾ, ಬಜಾಜ್, ಭಾರತ್ ಫೋರ್ಜ್‌ನ ಕಾರ್ಖಾನೆಗಳು, 1966ರಲ್ಲಿ ವಾಹನ ಸಂಶೋಧನೆಗೆ ಅಂತ ಎಆರ್‌ಎಐ, ಎಲ್ಲ ಬಂದಿದ್ದು ಆಮೇಲೆ. ಕಾರಿನ ವಾಟರ್ ಪಂಪ್ ಕಿರ್ಲೋಸ್ಕರ್ ಅವರದ್ದು ಅಂತ ನಾನು ಹೇಳ್ತಿಲ್ಲ. ಆ ರೆಕ್ಕೆ ಚಕ್ರ ಎರಕ ಹೊಯ್ಯೋದು, ಶಾಫ್ಟಿಗೆ ಸಮತೋಲ ಮಾಡೋದು ಇವನ್ನ ಈ ಸೀಮೆಯ ಕೈಗಳು ಕಾರು ಬರೋಕೆ ಎಷ್ಟೋ ಮೊದಲು, ರೈತನ ಬಾವಿಗಾಗಿ ಕಲಿತಿದ್ದವು ಅಂತ ಹೇಳ್ತಿದ್ದೀನಿ.

ಹಾಗಾದ್ರೆ ಎರಡೂ ಒಟ್ಟಿಗೆ ಯಾಕೆ?

ಅನೇಕ ಎಂಜಿನ್‌ಗಳಲ್ಲಿ ವಾಟರ್ ಪಂಪನ್ನ ತಿರುಗಿಸೋದೂ ಅದೇ ಟೈಮಿಂಗ್ ಬೆಲ್ಟ್. 2000ದಲ್ಲಿ ಬಂದ ಹೋಂಡಾ ಸಿಟಿ ವಿಟೆಕ್, ನಮ್ಮ ಡಸ್ಟರ್‌ನ 1.6 ಪೆಟ್ರೋಲ್, ಚಾಕಣ್‌ನಲ್ಲಿ ತಯಾರಾದ ಪೋಲೋ ಜಿಟಿ ಟಿಡಿಐ, ಎಲ್ಲ ಹೀಗೇ. ಪಂಪಿನ ಬೇರಿಂಗ್ ಬಿಗಿದುಕೊಂಡರೆ ಬೆಲ್ಟ್ ಹರಿಯುತ್ತೆ. ಸೀಲ್ ಸೋರಿದರೆ ಕೂಲೆಂಟ್ ಬೆಲ್ಟಿನ ರಬ್ಬರ್ ಮೇಲೆ ಬೀಳುತ್ತೆ. ಇನ್ನೊಂದು ವಿಷಯ: ಹೊಸ ಬೆಲ್ಟ್ ಹೊಸ ಬಿಗಿಯಲ್ಲಿ ಎಳೆಯುವಾಗ ಸವೆದ ಬೇರಿಂಗ್ ಮೇಲೆ ಭಾರ ಹೊಸದಾಗಿ ಬೀಳುತ್ತೆ. ನನ್ನ ಪಂಪ್ ಎಂಟು ತಿಂಗಳಲ್ಲೇ ಕೈಕೊಟ್ಟಿದ್ದಕ್ಕೆ ಇದೂ ಕಾರಣ ಇರಬಹುದು ಅಂತ ಮೆಕ್ಯಾನಿಕ್ ಅಂದರು. ಹಿಂದಿನವರು ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿದ್ದರು, ಅದರ ಸುಣ್ಣ, ತುಕ್ಕು ಎರಡೂ ಹಳೇ ಪಂಪಿನ ಒಳಗೆ ಕಂಡವು.

ಎರಡನೇ ಸಲ ಕೆಲಸವನ್ನ ಪಕ್ಕದಲ್ಲೇ ನಿಂತು ನೋಡಿದೆ. ಚಕ್ರ ತೆಗೆದರು. ಎಂಜಿನ್ ಕೆಳಗೆ ಮರದ ತುಂಡು, ಜ್ಯಾಕ್ ಕೊಟ್ಟು ಮೌಂಟ್ ಬಿಚ್ಚಿದರು. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಿಚ್ಚೋಕೆ ಇಬ್ಬರು, ಒಂದು ಉದ್ದ ಪೈಪು, ಅರ್ಧ ಗಂಟೆ. ಗುರುತುಗಳನ್ನ ಒಂದಕ್ಕೊಂದು ಹೊಂದಿಸಿ, ಅದರ ಮೇಲೆ ಬಿಳಿ ಪೇಂಟ್ ಹಚ್ಚಿ, ಆಮೇಲೆ ಬೆಲ್ಟ್ ತೆಗೆದರು. ಪಂಪ್ ಕೂರೋ ಜಾಗವನ್ನ ಹಳೇ ಗ್ಯಾಸ್ಕೆಟ್ ಚೂರೂ ಇಲ್ಲದ ಹಾಗೆ ಕೆರೆದು ಒರೆಸಿದರು. ಹೊಸ ಪಂಪ್, ಹೊಸ ಟೆನ್ಷನರ್, ಹೊಸ ಬೆಲ್ಟ್. ಕೊನೆಗೆ ಕೀಲಿ ತಿರುಗಿಸಲಿಲ್ಲ. ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನ ಕೈಯಲ್ಲೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಿದರು. ಎರಡೇ ಯಾಕೆ? ಆಗಲೇ ಕ್ಯಾಮ್ ಒಂದು ಪೂರ್ತಿ ಸುತ್ತು ಮುಗಿಸೋದು. ಎಲ್ಲೂ ತಡೆ ಸಿಗಲಿಲ್ಲ, ಗುರುತುಗಳು ಮತ್ತೆ ಕೂಡಿದವು. ಆಮೇಲೇ ಸ್ಟಾರ್ಟ್.

ಅಪ್ಪ ಅಮ್ಮ ಇಲ್ಲದ ಕಾರುಗಳು

ಕಂಪನಿ ಇನ್ನೂ ಇರೋ ಕಾರಿನ ಮಾತಾಯ್ತು. ಕಂಪನಿಯೇ ಕೈಬಿಟ್ಟ ಸ್ಪೋರ್ಟ್ಸ್ ಕಾರಿನ ಗತಿ ಏನು? ನಮ್ಮಲ್ಲೇ ಎರಡು ಉದಾಹರಣೆ ಇವೆ.

ಒಂದು ಬೆಂಗಳೂರಿನದು. ಸ್ಯಾನ್ ಮೋಟಾರ್ಸ್ ಅನ್ನೋ ಕಂಪನಿ 1998ರಲ್ಲಿ ಸ್ಯಾನ್ ಸ್ಟಾರ್ಮ್ ಅನ್ನೋ ಎರಡು ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಕಾರು ತಂದಿತು. ಜೋಡಣೆ ಗೋವಾದಲ್ಲಿ. ಮೈ ಫೈಬರ್‌ಗ್ಲಾಸ್. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿಯದು, ಡಿ7ಎಫ್ ಅಂತ ಅದರ ಕೋಡ್, ಶಕ್ತಿ ಸುಮಾರು 60 ಅಶ್ವ. ಇನ್ನೊಂದು ಪುಣೆಯದು: 2012ರ ಆಟೋ ಎಕ್ಸ್‌ಪೋದಲ್ಲಿ ತೋರಿಸಿದ ಡಿಸಿ ಅವಂತಿ. ಎಂಜಿನ್ ಸೀಟಿನ ಹಿಂದೆ. ಅದೂ ರೆನೋದ್ದೇ, 2 ಲೀಟರ್ ಟರ್ಬೊ, 250 ಅಶ್ವಶಕ್ತಿ. ಎರಡಕ್ಕೂ ಟೈಮಿಂಗ್ ಬೆಲ್ಟ್. ಎರಡೂ ಈಗ ತಯಾರಾಗ್ತಿಲ್ಲ.

ಸ್ಯಾನ್ ಸ್ಟಾರ್ಮ್‌ಗೆ ಬೆಲ್ಟ್ ಕೊಡಿ ಅಂತ ಅಂಗಡಿಯಲ್ಲಿ ಕೇಳಿದ್ರೆ ನಕ್ಕುಬಿಡ್ತಾರೆ. ಕಾರಿನ ಹೆಸರು ಹೇಳಬೇಡಿ, ಎಂಜಿನ್ ಕೋಡ್ ಹೇಳಿ. ಅದೇ ಡಿ7ಎಫ್ ಯುರೋಪಿನಲ್ಲಿ ಕ್ಲಿಯೊ, ಟ್ವಿಂಗೊ ಎಂಬ ಸಾಮಾನ್ಯ ಕಾರುಗಳಲ್ಲಿ ಲಕ್ಷಗಟ್ಟಲೆ ಓಡಿದೆ. ಮೇಷ್ಟ್ರು, ನರ್ಸು, ಅಂಚೆಯವರು ಓಡಿಸಿದ ಕಾರುಗಳು ಅವು. ಅವರಿಗಾಗಿ ಮಾಡಿದ ಬೆಲ್ಟೇ ನಮ್ಮ ಅಪರೂಪದ ಕಾರನ್ನ ಬದುಕಿಸುತ್ತೆ. ಸ್ವಂತ ಎಂಜಿನ್ ಮಾಡಲಿಲ್ಲ, ಎರವಲು ತಂದರು ಅಂತ ಆಗ ಜನ ಈ ಕಾರುಗಳನ್ನ ಹಂಗಿಸಿದ್ದರು. ಇವತ್ತು ನೋಡಿದ್ರೆ ಅವುಗಳಲ್ಲಿ ಬಿಡಿಭಾಗ ಸಿಗೋದು ಆ ಎರವಲು ತಂದ ಎಂಜಿನ್ನಿಗೇ. ಸ್ವಂತದ್ದಾದ ಮೈ, ಗಾಜು, ದೀಪ, ಬಾಗಿಲಿನ ರಬ್ಬರ್ ಹೋದರೆ ಬದಲಿ ಸಿಗೋದೇ ಕಷ್ಟ. ಇದರಲ್ಲಿ ಇತಿಹಾಸ ಓದೋರಿಗೂ ಒಂದು ವಿಷಯ ಇದೆ ಅನ್ಸುತ್ತೆ: ನಾವು ಅಪರೂಪದ್ದನ್ನ ಮಾತ್ರ ಉಳಿಸಬೇಕು ಅಂದ್ಕೋತೀವಿ, ಆದರೆ ಅಪರೂಪದ್ದು ಉಳಿಯೋದು ಸುತ್ತಮುತ್ತ ಸಾಮಾನ್ಯವಾದದ್ದು ಸಾಕಷ್ಟು ಇದ್ದಾಗ ಮಾತ್ರ.

ಬೆಲ್ಟ್ ಹೋಯ್ತು, ಪಂಪ್ ಉಳೀತು

ಚಕ್ರ ಈಗ ಮತ್ತೆ ತಿರುಗಿದೆ. ಫೆರಾರಿ ಚೈನಿಗೆ ವಾಪಸ್ ಬಂತು. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಫಿಯೆಟ್ ಮಾಡಿದ 1.3 ಮಲ್ಟಿಜೆಟ್ ಡೀಸೆಲ್‌ಗೆ ಚೈನ್. ಮಾರುತಿಯ ಕೆ ಸರಣಿಯ ಎಂಜಿನ್‌ಗಳಿಗೂ ಚೈನ್. ಹಾಗಂತ ಚೈನ್ ಅಮರ ಅಲ್ಲ. ಎಂಜಿನ್ ಆಯಿಲ್ ಸಮಯಕ್ಕೆ ಬದಲಾಯಿಸದಿದ್ರೆ ಅದೂ ಉದ್ದವಾಗುತ್ತೆ, ಜಾರುತ್ತೆ. ಖರ್ಚು ಮುಂದೂಡೋ ಕಥೆ ಬೇರೆ ವೇಷದಲ್ಲಿ ಮುಂದುವರೀತಿದೆ.

ಅದೇ ರಂಜನ್‌ಗಾಂವ್ ಕಾರ್ಖಾನೆಯಲ್ಲಿ ಟಾಟಾ ನೆಕ್ಸಾನ್ ತಯಾರಾಗುತ್ತೆ. 2020ರಲ್ಲಿ ಅದರ ಎಲೆಕ್ಟ್ರಿಕ್ ರೂಪ ಬಂತು. ಅದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಚೈನೂ ಇಲ್ಲ ಬೆಲ್ಟೂ ಇಲ್ಲ. ಆದರೆ ಬ್ಯಾಟರಿ ಬಿಸಿಯಾಗುತ್ತೆ, ಅದನ್ನ ತಣ್ಣಗೆ ಇಡೋಕೆ ಕೂಲೆಂಟ್ ಹರಿಯುತ್ತೆ, ಹರಿಸೋಕೆ ಪಂಪ್ ಬೇಕೇ ಬೇಕು. ದುಡ್ಡು ಉಳಿಸೋಕೆ ಅಂತ ನಾನು ಬೇಡ ಅಂದ ವಸ್ತುವೇ ಕೊನೆಗೆ ಉಳಿದುಕೊಂಡಿತು ನೋಡಿ.

ಹಳೇ ಕಾರು ಇಟ್ಟುಕೊಂಡಿರೋರಿಗೆ ಒಂದೇ ಮಾತು. ಬೆಲ್ಟ್, ಪಂಪ್ ಹಾಕಿಸಿದ ದಿನ ಒಂದು ಚೀಟಿಯಲ್ಲಿ ತಾರೀಕು, ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿ. ಬಿಲ್ ಫೈಲಿನಲ್ಲಿಡಿ. ನಾಳೆ ಕಾರು ಮಾರಿದ್ರೆ ಆ ಚೀಟಿಯನ್ನೂ ಜೊತೆಗೆ ಕೊಡಿ. ನನಗೆ ಆ ಚೀಟಿ ಸಿಕ್ಕಿರಲಿಲ್ಲ. ಈಗ ನನ್ನ ಕಾರಿನಲ್ಲಿ ಅಂಟಿಸಿದ್ದೀನಿ, ನೀಲಿ ಪೆನ್ನಿನಲ್ಲಿ, ಮೆಕ್ಯಾನಿಕ್‌ಗೂ ಓದೋಕೆ ಬರಲಿ ಅಂತ ಮರಾಠಿಯಲ್ಲೂ ಕನ್ನಡದಲ್ಲೂ.

ನಿಮ್ಮ ಮನೆಯ ಹಳೇ ಗಾಡಿಯ ಕಥೆ ಇದ್ದರೆ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.